ಇಂಟರ್‌ಸೆಕ್ಸ್ ಮಕ್ಕಳ ವಿಷಯದಲ್ಲಿ ಇಸ್ಲಾಮಿಕ್ ಕಾನೂನಿಗಿಂತ ಪಾಶ್ಚಾತ್ಯ ಕಾನೂನು ಮುಂದಿದೆಯೇ?

ಹುಟ್ಟಿದ ಮಗು ಗಂಡೋ ಹೆಣ್ಣೋ ಎಂದು ದೇಹ ನೋಡಿ ಹೇಳಲಾಗದಿದ್ದರೆ ಇಸ್ಲಾಮಿಕ್ ಕಾನೂನು ಏನು ಮಾಡುತ್ತದೆ, ಪಾಶ್ಚಾತ್ಯರು ಇದರಲ್ಲಿ ಮುಂದಿದ್ದಾರೆ ಅಲ್ವಾ ಎಂದು ಕೇಳಿದ್ದೀರಿ. ‘ಮುಂದಿದ್ದಾರೆ’ ಅನ್ನೋದನ್ನು ನಾನು ಸುಲಭಕ್ಕೆ ಒಪ್ಪುವುದಿಲ್ಲ. ನಾನು ಡಾಕ್ಟರೂ ಅಲ್ಲ, ಮೌಲ್ವಿಯೂ ಅಲ್ಲ, ಸಿವಿಲ್ ಕೇಸು ನಡೆಸುವ ವಕೀಲ. ಹಾಗಾಗಿ ಆಸ್ತಿ ಪಾಲಿನಿಂದಲೇ ಶುರು ಮಾಡುತ್ತೇನೆ.

ಮುಸ್ಲಿಂ ಕಾನೂನಿನಲ್ಲಿ ಮಗಳಿಗೆ ಬರುವುದರ ಎರಡರಷ್ಟು ಮಗನಿಗೆ ಬರುತ್ತದೆ. ಹಾಗಾಗಿ ಮಗು ಯಾವುದು ಎಂದು ತೀರ್ಮಾನಿಸದೆ ಪಾಲು ಹಾಕಲು ಆಗುವುದಿಲ್ಲ. ಇಂಥ ಮಗುವನ್ನು ಅವರು ಖುಂಸಾ ಎನ್ನುತ್ತಾರೆ. ಇಸ್ಲಾಂ ಬರುವ ಮೊದಲೇ ಅರಬರಲ್ಲಿ ಆಮಿರ್ ಎಂಬ ಪಂಚಾಯ್ತಿದಾರ ಇದ್ದನಂತೆ. ಇಂಥದೇ ಒಂದು ಪ್ರಕರಣ ಅವನ ಮುಂದೆ ಬಂತು. ರಾತ್ರಿಯಿಡೀ ನಿದ್ದೆ ಇಲ್ಲದೆ ಹೊರಳಾಡಿದ. ದಿನಾ ಅವನ ಕೈಲಿ ಬೈಸಿಕೊಳ್ಳುತ್ತಿದ್ದ, ಕುರಿ ಕಾಯುವ ದಾಸಿ ಏನಾಯಿತೆಂದು ಕೇಳಿದಳು. ಕೇಳಿಕೊಂಡು, ‘ಮೂತ್ರ ಎಲ್ಲಿಂದ ಬರುತ್ತೋ ನೋಡಿ, ಅದರಂತೆ ತೀರ್ಪು ಕೊಡಿ’ ಎಂದಳು. ಮುಂದೆ ಇಸ್ಲಾಮಿಕ್ ಕಾನೂನಿನ ಪಂಡಿತರು ಎತ್ತಿಕೊಂಡದ್ದೂ ಇದೇ ಪರೀಕ್ಷೆ. ಎರಡು ಕಡೆಯಿಂದ ಬಂದರೆ? ಮೊದಲು ಎಲ್ಲಿಂದ ಬಂತೋ ಅದು. ಒಟ್ಟಿಗೇ ಬಂದರೆ? ಜಾಸ್ತಿ ಬಂದದ್ದು ಲೆಕ್ಕ ಎಂದರು ಹನಫಿ ಪಂಥದ ಮೂಲಗುರು ಅಬೂ ಹನೀಫಾರ ಶಿಷ್ಯರಿಬ್ಬರು. ಗುರುಗಳು ಮಾತ್ರ ಅದನ್ನು ಒಪ್ಪಲಿಲ್ಲ.

ಅಷ್ಟಕ್ಕೂ ಗೊತ್ತಾಗದಿದ್ದರೆ ಮಗು ದೊಡ್ಡದಾಗುವವರೆಗೆ ಕಾಯಬೇಕು. ಗಡ್ಡ ಬಂತಾ, ಮುಟ್ಟು ಬಂತಾ ಎಂದು ನೋಡಬೇಕು. ಆಗಲೂ ಬಗೆಹರಿಯದವರಿಗೆ ಖುಂಸಾ ಮುಷ್ಕಿಲ್ ಎಂಬ ಹೆಸರು. ಅವರ ಪಾಲಿಗೆ ಬೇರೆಯದೇ ಲೆಕ್ಕ.

ಒಂದು ಉದಾಹರಣೆ ಹಾಕೋಣ. ತಂದೆ ತೀರಿಕೊಂಡಿದ್ದಾರೆ. ಸಾಲಸೋಲ ಎಲ್ಲ ಕಳೆದು 12 ಲಕ್ಷ ಉಳಿದಿದೆ. ವಾರಸುದಾರರು ಇಬ್ಬರೇ: ಒಬ್ಬ ಮಗ, ಒಂದು ಖುಂಸಾ ಮಗು. ಖುಂಸಾ ಗಂಡಾದರೆ ಇಬ್ಬರಿಗೂ ಆರಾರು ಲಕ್ಷ. ಹೆಣ್ಣಾದರೆ ಮಗನಿಗೆ 8, ಅದಕ್ಕೆ 4. ಮುಂದಿನದನ್ನು ಸುನ್ನಿ ಕಾನೂನಿನ ಪಂಥಗಳು ಬೇರೆಬೇರೆಯಾಗಿ ಹೇಳುತ್ತವೆ. ಹನಫಿ ಪಂಥದವರು ಎರಡರಲ್ಲಿ ಕಡಿಮೆಯದನ್ನು, ಅಂದರೆ 4 ಲಕ್ಷ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಮಾಲಿಕಿಗಳು ಎರಡರ ಸರಾಸರಿ ತೆಗೆದು 5 ಲಕ್ಷ ಕೊಡುತ್ತಾರೆ. ಶಾಫಿಗಳದ್ದು ನನಗೆ ಇಷ್ಟವಾದ ದಾರಿ. ಖುಂಸಾ ಮಗುವಿಗೆ 4, ಅಣ್ಣನಿಗೆ 6, ಇವೆರಡು ಹೇಗಿದ್ದರೂ ಖಚಿತ. ಉಳಿದ 2 ಲಕ್ಷ ಯಾರಿಗೂ ಇಲ್ಲ, ವಿಷಯ ಸ್ಪಷ್ಟವಾಗುವವರೆಗೆ ಅಥವಾ ಇಬ್ಬರೂ ರಾಜಿಯಾಗುವವರೆಗೆ ಹಾಗೇ ಇರಲಿ ಎನ್ನುತ್ತಾರೆ. ನಮ್ಮಲ್ಲಿ ಭಟ್ಕಳದ ನವಾಯತರು, ಕರಾವಳಿಯ ಬ್ಯಾರಿಗಳು ಶಾಫಿಗಳು. ಒಳನಾಡಿನ ಮುಸ್ಲಿಮರಲ್ಲಿ ಹೆಚ್ಚಿನವರು ಹನಫಿಗಳು. ಅಂದರೆ ಶಾಸ್ತ್ರದ ಪ್ರಕಾರ ಅದೇ 2 ಲಕ್ಷ ಬೀದರಿನಲ್ಲಿ ಅಣ್ಣನ ಜೇಬಿಗೆ ಹೋಗುತ್ತದೆ, ಭಟ್ಕಳದಲ್ಲಿ ಕಾಯುತ್ತಾ ಕೂರುತ್ತದೆ!

ಇದನ್ನೆಲ್ಲ ದಯೆ ಅಂದುಕೊಳ್ಳಬೇಡಿ. ನಮಾಜಿನಲ್ಲಿ ಗಂಡಸರ ಸಾಲಿಗೂ ಹೆಂಗಸರ ಸಾಲಿಗೂ ನಡುವೆ ನಿಲ್ಲಿಸಿದ್ದು, ಪಾಲು ತಡೆಹಿಡಿದದ್ದು, ಎಲ್ಲ ಲೆಕ್ಕ ತಪ್ಪಬಾರದು ಎಂಬ ಎಚ್ಚರಿಕೆಗೆ. ಮಗುವಿಗೆ ಏನನ್ನಿಸುತ್ತದೆ ಎಂದು ಯಾರೂ ಕೇಳಲಿಲ್ಲ. ಆದರೆ ‘ಗೊತ್ತಿಲ್ಲ’ ಎಂಬುದಕ್ಕೆ ಆ ಕಾನೂನಿನಲ್ಲಿ ಜಾಗ ಇತ್ತು. ಆಪರೇಷನ್ನಿನ ಕತ್ತಿ ಹಿಡಿಯುವ ಅವಸರ ಇರಲಿಲ್ಲ.

ಯುರೋಪಿನಲ್ಲೂ ಹೆಚ್ಚುಕಮ್ಮಿ ಹೀಗೇ ಇತ್ತು. ಯಾವ ಲಿಂಗದ ಲಕ್ಷಣ ಹೆಚ್ಚೋ ಅದರಂತೆ ವಾರಸುದಾರಿಕೆ ಎಂದು ಇಂಗ್ಲೆಂಡಿನ ನ್ಯಾಯವಾದಿ ಎಡ್ವರ್ಡ್ ಕೋಕ್ 1628ರಲ್ಲಿ ಬರೆದ. 1794ರ ಪ್ರಷ್ಯಾದ (ಆಗಿನ ಒಂದು ಜರ್ಮನ್ ರಾಜ್ಯ) ಕಾನೂನು ಇನ್ನೂ ಚೆನ್ನಾಗಿತ್ತು. ಹೇಗೆ ಬೆಳೆಸಬೇಕೆಂದು ತಂದೆತಾಯಿ ನಿರ್ಧರಿಸಲಿ, 18 ತುಂಬಿದ ಮೇಲೆ ಆ ವ್ಯಕ್ತಿಯೇ ಆರಿಸಿಕೊಳ್ಳಲಿ ಎಂದಿತು. ಬೇರೆಯವರ ಹಕ್ಕಿಗೆ ಧಕ್ಕೆ ಬಂದರೆ ಮಾತ್ರ ತಜ್ಞರ ಮಾತೇ ಕೊನೆ.

ಕೆಟ್ಟದ್ದು ಆಗಿದ್ದು ಆಮೇಲೆ, 1950ರ ದಶಕದಲ್ಲಿ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಜಾನ್ ಮನಿ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಯವರು, ಎರಡು ವರ್ಷದೊಳಗೆ ಗಂಡೋ ಹೆಣ್ಣೋ ಒಂದು ಮಾಡಿಬಿಡಿ, ಹಾಗೇ ಬೆಳೆಸಿ ಎಂದರು. ಜಗತ್ತಿನ ಆಸ್ಪತ್ರೆಗಳೆಲ್ಲ ಅದನ್ನೇ ಹಿಡಿದವು. ಹೆಣ್ಣು ಮಾಡುವ ಆಪರೇಷನ್ ಸುಲಭ ಎಂದು ಎಷ್ಟೋ ಮಕ್ಕಳನ್ನು ಹೆಣ್ಣು ಮಾಡಿದರು. ದೊಡ್ಡವರಾದ ಮೇಲೂ ಎಷ್ಟೋ ಜನರಿಗೆ ನಿಜ ಹೇಳಲಿಲ್ಲ. ಮೇಲಿಂದ ಮೇಲೆ ಆಪರೇಷನ್, ಸ್ಪರ್ಶಜ್ಞಾನ ಇಲ್ಲದ ಗಾಯದ ಕಲೆ, ಜೀವನಪೂರ್ತಿ ಹಾರ್ಮೋನ್. ಇದನ್ನು ಯಾವ ಕಾನೂನೂ ಕಡ್ಡಾಯ ಮಾಡಿರಲಿಲ್ಲ. ತಂದೆತಾಯಿಯ ಒಂದು ಸಹಿ ಸಾಕಿತ್ತು.

ಹಾಗೆ ಬೆಳೆದವರೇ 1990ರ ದಶಕದಲ್ಲಿ ಬೀದಿಗಿಳಿದರು. 1999ರಲ್ಲಿ ಕೊಲಂಬಿಯಾದ ಸಾಂವಿಧಾನಿಕ ನ್ಯಾಯಾಲಯ ತಂದೆತಾಯಿಯ ಸಹಿಗೆ ಮಿತಿ ಹಾಕಿತು. 2015ರಲ್ಲಿ ಮಾಲ್ಟಾ ಇಂಥ ಆಪರೇಷನ್ ನಿಷೇಧಿಸಿತು, 2021ರಲ್ಲಿ ಜರ್ಮನಿಯೂ ಕಾನೂನು ತಂದಿತು. ಅಮೆರಿಕದ ಕಥೆ ನೋಡಿ: ಟ್ರಾನ್ಸ್‌ಜೆಂಡರ್ ಮಕ್ಕಳು ತಾವಾಗಿ ಕೇಳಿದರೂ ಚಿಕಿತ್ಸೆ ಬೇಡ ಎನ್ನುವ ಹಲವು ರಾಜ್ಯಗಳು, ಏನೂ ಕೇಳದ ಇಂಟರ್‌ಸೆಕ್ಸ್ ಕೂಸಿಗೆ ಆಪರೇಷನ್ ಮಾಡಲು ಅದೇ ಕಾನೂನಿನಲ್ಲಿ ವಿನಾಯಿತಿ ಕೊಟ್ಟಿವೆ. ಇದು ಯಾವ ನ್ಯಾಯವೋ ನನಗಂತೂ ಅರ್ಥವಾಗಿಲ್ಲ.

ಇತ್ತ ಮುಸ್ಲಿಂ ಪಂಡಿತರೂ ಆಸ್ಪತ್ರೆಯ ದಾರಿಯನ್ನೇ ಹಿಡಿದರು. ಯಾವ ಲಕ್ಷಣ ಮೇಲುಗೈಯೋ ಅತ್ತ ಸರಿಪಡಿಸಲು ಆಪರೇಷನ್ ಅಥವಾ ಹಾರ್ಮೋನ್ ಬಳಸಬಹುದು ಎಂದು 1989ರಲ್ಲಿ ಮೆಕ್ಕಾದ ಫಿಕ್ಹ್ (ಇಸ್ಲಾಮಿಕ್ ಕಾನೂನು ಶಾಸ್ತ್ರ) ಮಂಡಳಿ ಹೇಳಿತು. ಮೂತ್ರ ಪರೀಕ್ಷಿಸುತ್ತಿದ್ದ ಜಾಗಕ್ಕೆ ಕ್ರೋಮೋಸೋಮ್ ರಿಪೋರ್ಟು ಬಂತು. ಕಾಯುವುದು ಹೋಯಿತು. ಪಾಕಿಸ್ತಾನದ 2018ರ ಟ್ರಾನ್ಸ್‌ಜೆಂಡರ್ ಹಕ್ಕುಗಳ ಕಾಯ್ದೆ, ಸ್ಪಷ್ಟವಾಗದವರಿಗೆ ಎರಡೂ ಪಾಲಿನ ಸರಾಸರಿ ಎಂದು ಬರೆದಿತ್ತು. ಹೆಚ್ಚಿನವರು ಹನಫಿಗಳೇ ಇರುವ ದೇಶದಲ್ಲಿ ಮಾಲಿಕಿಗಳ ಲೆಕ್ಕ! ಕಾನೂನುಗಳು ಇಸ್ಲಾಮಿಗೆ ಹೊಂದುತ್ತವೆಯೇ ಎಂದು ನೋಡುವ ಅಲ್ಲಿನ ಫೆಡರಲ್ ಶರಿಯತ್ ಕೋರ್ಟ್ 2023ರಲ್ಲಿ ಆ ಕಲಮನ್ನು ಹೊಡೆದುಹಾಕಿತು.

ನಮ್ಮ ಪಕ್ಕದಲ್ಲೇ, 2019ರಲ್ಲಿ ಮದ್ರಾಸ್ ಹೈಕೋರ್ಟಿನ ಮಧುರೈ ಪೀಠ ಇಂಟರ್‌ಸೆಕ್ಸ್ ಕೂಸುಗಳಿಗೆ ಇಂಥ ಆಪರೇಷನ್ ಬೇಡ ಎಂದಿತು. ತಮಿಳುನಾಡು ಸರ್ಕಾರ ಆದೇಶವನ್ನೂ ಹೊರಡಿಸಿತು. ಜೀವಕ್ಕೆ ಅಪಾಯ ಇದ್ದರೆ ಮಾತ್ರ ವಿನಾಯಿತಿ.

ಆ ವಿನಾಯಿತಿಯನ್ನು ಹಗುರವಾಗಿ ನೋಡಬೇಡಿ. ಅಡ್ರಿನಲ್ ಗ್ರಂಥಿಯ ಒಂದು ತೊಂದರೆಯಲ್ಲಿ ಉಪ್ಪಿನಂಶ ಸೋರಿಹೋಗಿ ಕೂಸು ಕೆಲವೇ ವಾರಗಳಲ್ಲಿ ಸಾಯಬಹುದು. ಅದಕ್ಕೆ ಔಷಧಿ ತಕ್ಷಣ ಬೇಕು. ಮೂತ್ರದ ದಾರಿ ಕಟ್ಟಿದ್ದರೆ ಆಪರೇಷನ್ನೂ ಬೇಕು. ನೋಡಲು ಸರಿ ಇರಲಿ ಎಂದು ಮಾಡುವುದು ಬೇರೆ. ನಿಮ್ಮ ಮನೆಯ ಮಗುವಿನ ವಿಷಯಕ್ಕೇ ಕೇಳುತ್ತಿದ್ದರೆ, ಸಹಿ ಹಾಕುವ ಮೊದಲು ಡಾಕ್ಟರ ಬಳಿ ಇಷ್ಟು ಕೇಳಿ: ಈಗ ಮಾಡಿಸದಿದ್ದರೆ ಮಗುವಿನ ಆರೋಗ್ಯಕ್ಕೆ ಏನಾಗುತ್ತದೆ? ಉತ್ತರವನ್ನು ಬರಹದಲ್ಲೇ ತೆಗೆದುಕೊಳ್ಳಿ.