ಮಂಜೂಷಕ್ಕೆ ಗಾಡಿ ಏಕೆ ಸಲ್ಲದು?

ಪ್ರಶ್ನೆ: ನಮ್ಮ ಜಾತ್ರೆಯಲ್ಲಿ ಪಲ್ಲಕ್ಕಿ ವಾಲಿದರೆ ಪಕ್ಕದವರು ಕೈಕೊಟ್ಟು ಹಿಡಿಯುತ್ತಾರೆ. ಇಸ್ರಾಯೇಲರ ಒಡಂಬಡಿಕೆಯ ಮಂಜೂಷ ವಾಲಿದಾಗ ಹಿಡಿದ ಉಜ್ಜ ಎಂಬಾತ ಅಲ್ಲೇ ಸತ್ತನೆಂದು ಬೈಬಲ್ ಹೇಳುತ್ತದೆ. ಒಳ್ಳೆಯ ಮನಸ್ಸಿನಿಂದ ಹಿಡಿದದ್ದೂ ತಪ್ಪೇ?
– ಓದುಗರೊಬ್ಬರು, ಗದಗ

ಉತ್ತರ: ಉಜ್ಜ ಕೈಚಾಚುವ ಮೊದಲೇ, ಮಂಜೂಷವನ್ನು ಸಾಗಿಸಲು ಗಾಡಿ ಹೂಡಿದಾಗಲೇ ತಪ್ಪಾಗಿತ್ತು. ಮಂಜೂಷವೆಂದರೆ ದೇವರ ಆಜ್ಞೆಗಳ ಕಲ್ಲಿನ ಹಲಗೆಗಳನ್ನಿಟ್ಟ ಜಾಲಿ ಮರದ ಪವಿತ್ರ ಪೆಟ್ಟಿಗೆ. ಉದ್ದ ಎರಡೂವರೆ ಮೊಳ, ಅಗಲ ಎತ್ತರ ಒಂದೂವರೆ ಮೊಳ. ಮೊಳಕ್ಕೆ ಸುಮಾರು 45 ಸೆಂ.ಮೀ. ಹಿಡಿದರೆ ಉದ್ದ 112 ಸೆಂ.ಮೀ. ಆಗುತ್ತದೆ, ನಮ್ಮ ಹೂವಾಡಗಿತ್ತಿಯರು ಮಾಲೆ ಅಳೆಯುವಂತೆ ಅದೂ ಮೊಣಕೈಯಿಂದ ಬೆರಳ ತುದಿಯವರೆಗಿನ ಅಳತೆಯೇ. ಒಳಗೂ ಹೊರಗೂ ಬಂಗಾರದ ತಗಡು. ನಾಲ್ಕು ಬಳೆಗಳು, ಅವುಗಳಲ್ಲಿ ತೂರಿಸಿದ ಎರಡು ಕೋಲುಗಳು. ಇಳಿಸಿಟ್ಟಾಗಲೂ ಕೋಲು ತೆಗೆಯುವಂತಿರಲಿಲ್ಲ. ಹೀಗಿದ್ದರೆ ಎತ್ತುವಾಗ, ಇಳಿಸುವಾಗ ಮುಟ್ಟಬಾರದ ಆ ಪೆಟ್ಟಿಗೆಗೆ ಕೈ ತಗಲುವ ಪ್ರಸಂಗವೇ ಬಾರದು.

ಇಸ್ರಾಯೇಲರು ಪ್ರಯಾಣ ಹೊರಡುವ ಮೊದಲು ಯಾಜಕರು (ಪುರೋಹಿತರು) ಆರಾಧನೆಯ ಗುಡಾರದ ಒಳಪರದೆಯನ್ನು ಇಳಿಸಿ ಅದರಿಂದಲೇ ಮಂಜೂಷವನ್ನು ಮುಚ್ಚುತ್ತಿದ್ದರು. ಅದರ ಮೇಲೆ ತೊಗಲು, ಎಲ್ಲಕ್ಕಿಂತ ಮೇಲೆ ನೀಲಿ ಬಟ್ಟೆ. ಆಮೇಲಷ್ಟೇ ಕೆಹಾತ್ಯರು ಹೆಗಲು ಕೊಡಬೇಕು. ಗುಡಾರದ ಸೇವೆಗೆ ನೇಮಕವಾದ ಲೇವಿ ಕುಲದ ಮೂರು ಮನೆತನಗಳಲ್ಲಿ ಇವರದೊಂದು, ಗೇರ್ಷೋನ್ಯರು, ಮೆರಾರೀಯರು ಉಳಿದೆರಡು. ಗುಡಾರದ ಸಾಮಾನಿಗೆಂದು ಬಂದ 6 ಗಾಡಿ, 12 ಎತ್ತುಗಳಲ್ಲಿ ಗೇರ್ಷೋನ್ಯರಿಗೆ 2 ಗಾಡಿ, ಮೆರಾರೀಯರಿಗೆ 4. ಕೆಹಾತ್ಯರಿಗೆ ಒಂದೂ ಇಲ್ಲ, ಅವರದು ಹೆಗಲ ಸೇವೆ.

ಹೊಸ ಗಾಡಿಯಲ್ಲಿಟ್ಟು ಸಾಗಿಸುವುದು ಹಿಂದೆ ಇಸ್ರಾಯೇಲರ ಶತ್ರುಗಳಾದ ಫಿಲಿಷ್ಟಿಯರು ಮಾಡಿದ ರೀತಿ. ಇಸ್ರಾಯೇಲರ ಅರಸ ದಾವೀದನೂ ಅದನ್ನೇ ಮಾಡಿದ. ಕಣದ ಹತ್ತಿರ ಎತ್ತುಗಳು ಮುಗ್ಗರಿಸಿದವು, ಮಂಜೂಷ ವಾಲಿತು, ಉಜ್ಜ ಕೈಚಾಚಿದ. ಉಜ್ಜನ ಸಾವು ದಾವೀದನಿಗೂ ನುಂಗಲಾರದ ತುತ್ತಾಯಿತು. ಮೊದಲು ಸಿಟ್ಟು, ಆಮೇಲೆ ಭಯ. ನಿಮಗೆ ಸಂಕಟವಾದದ್ದು ಸಹಜವೇ. ಮೂರು ತಿಂಗಳ ಬಳಿಕ ಲೇವಿಯರು ಕೋಲುಗಳನ್ನು ಹೆಗಲಿಗೇರಿಸಿ ಮಂಜೂಷವನ್ನು ಯೆರೂಸಲೇಮಿಗೆ ತಂದರು.