ಬಿಳಿ ಮರಿ, ನೀಲಿ ಕಣ್ಣು, ಕೇಳದ ಕಿವಿ

ಪ್ರಾಣಿವೈದ್ಯೆಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಎರಡು ತಿಂಗಳ ಆಸ್ಟ್ರೇಲಿಯನ್ ಶೆಫರ್ಡ್ ಹೆಣ್ಣು ಮರಿ ತಂದಿದ್ದೇವೆ. ಮೈಯೆಲ್ಲ ಬಿಳಿ, ಒಂದು ಕಿವಿಯ ಮೇಲೆ ಮಾತ್ರ ಬೂದು ಮಚ್ಚೆ. ಎರಡೂ ಕಣ್ಣು ನೀಲಿ. 'ಇಂಥದ್ದು ಸಾವಿರಕ್ಕೊಂದು ಹುಟ್ಟೋದು' ಅಂತ ಹೇಳಿ ಬೇರೆ ಮರಿಗಳಿಗಿಂತ ಎರಡು ಪಟ್ಟು ಹಣ ತೆಗೆದುಕೊಂಡರು. ಮರಿ ತುಂಬಾ ಶಾಂತ. ಮೊನ್ನೆ ಪಕ್ಕದಲ್ಲೇ ಸ್ಟೀಲ್ ಪಾತ್ರೆ ಬಿದ್ದರೂ ಏಳಲಿಲ್ಲ. ಆದರೆ ಮಲಗಿದ್ದಾಗ ಮುಟ್ಟಿದರೆ ಬೆಚ್ಚಿಬಿದ್ದು ಕಚ್ಚಲು ಬರುತ್ತೆ. ಫೋಟೋ ಕಳಿಸಿದ್ದೇನೆ. ಇದರ ಸ್ವಭಾವವೇ ಹೀಗಾ ಮೇಡಂ?

ಉತ್ತರ: ಇದು ಸ್ವಭಾವ ಅಲ್ಲ. ಮರಿಗೆ ಕಿವಿ ಕೇಳಿಸುತ್ತಿಲ್ಲ ಅನಿಸುತ್ತಿದೆ. ಫೋಟೋ ದೊಡ್ಡದು ಮಾಡಿ ನೋಡಿದೆ. ಎಡಗಣ್ಣಿನ ಪಾಪೆ ನಡುವೆ ಇಲ್ಲ. ಮಸಿಯ ಹನಿ ಕೆಳಕ್ಕೆ ಜಾರಿದ ಹಾಗೆ ಒಂದು ಬದಿಗೆ ಎಳೆದಿದೆ. ಆ ಕಣ್ಣು ಬಲಗಣ್ಣಿಗಿಂತ ಸ್ವಲ್ಪ ಚಿಕ್ಕದಾಗಿಯೂ ಕಾಣುತ್ತದೆ. ಹಾಗಾಗಿ ಕಿವಿಯ ಜೊತೆ ಕಣ್ಣನ್ನೂ ತೋರಿಸಿ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಮರಿ ಗಾಢ ನಿದ್ದೆಯಲ್ಲಿದ್ದಾಗ ಅದರ ಹಿಂದೆ ಕೂತು ಬೀಗದ ಕೈ ಗೊಂಚಲು ಅಲ್ಲಾಡಿಸಿ. ಕಾಲು ಕುಟ್ಟಬೇಡಿ, ನೆಲ ಅದುರಿದರೆ ಎದ್ದುಬಿಡುತ್ತದೆ. ಹತ್ತಿರದಿಂದ ಚಪ್ಪಾಳೆಯೂ ಬೇಡ, ಗಾಳಿ ಮೈಗೆ ತಾಕುತ್ತದೆ. ಈ ಎರಡರಲ್ಲಿ ಕಿವುಡು ಮರಿಗಳು ಎಷ್ಟು ಚುರುಕು ಅಂದರೆ ನನ್ನನ್ನೂ ಏಮಾರಿಸಿವೆ. ಒಂದೇ ಕಿವಿ ಕೇಳುವ ಮರಿಯನ್ನಂತೂ ಹೀಗೆ ಕಂಡುಹಿಡಿಯಲು ಆಗುವುದಿಲ್ಲ. ಅದಕ್ಕೆ ಬೇರ್ ಅನ್ನುವ ಪರೀಕ್ಷೆ ಇದೆ. ತಲೆಯ ಚರ್ಮಕ್ಕೆ ಸಣ್ಣ ಸೂಜಿ ಸಿಕ್ಕಿಸಿ, ಕಿವಿಗೆ ಟಿಕ್ ಟಿಕ್ ಸದ್ದು ಕೊಟ್ಟು, ಅದು ಮಿದುಳಿಗೆ ಮುಟ್ಟುತ್ತಿದೆಯಾ ಅಂತ ನೋಡುತ್ತಾರೆ. ನಿಮ್ಮ ಮರಿಯ ವಯಸ್ಸಿಗೆ ಧಾರಾಳವಾಗಿ ಮಾಡಿಸಬಹುದು.

ಈಗ ಆ 'ಸಾವಿರಕ್ಕೊಂದು' ವಿಷಯ. ನನಗೆ ಸಿಟ್ಟು ಬರುವುದು ಅಲ್ಲೇ. ಈ ತಳಿಯಲ್ಲಿ ಮರ್ಲ್ ಅನ್ನುವ ಬಣ್ಣ ಇದೆ, ಬೂದು ಮೈಮೇಲೆ ಕಪ್ಪು ಶಾಯಿ ಚೆಲ್ಲಿದ ಹಾಗೆ. ಮರ್ಲ್ ಜೀನ್ ಅಪ್ಪನಿಂದಲೋ ಅಮ್ಮನಿಂದಲೋ ಒಂದು ಬಂದರೆ ಆ ಚೆಂದದ ಬಣ್ಣ. ಸಾಮಾನ್ಯವಾಗಿ ದೊಡ್ಡ ತೊಂದರೆ ಇಲ್ಲ. ಇಬ್ಬರಿಂದಲೂ ಬಂದರೆ ಬಣ್ಣವೇ ಅಳಿಸಿಹೋಗುತ್ತದೆ. ಇದು ಡಬಲ್ ಮರ್ಲ್. ಎರಡು ಮರ್ಲ್ ನಾಯಿಗಳನ್ನು ಕೂಡಿಸಿದರೆ ಪ್ರತಿ ಮರಿಗೂ ಈ ಅಪಾಯ ನಾಲ್ಕರಲ್ಲಿ ಒಂದು ಪಾಲು. ಎಂಟು ಮರಿ ಹಾಕಿದರೆ ಸರಾಸರಿ ಎರಡು. ಸಾವಿರಕ್ಕೊಂದಲ್ಲ, ನಾಲ್ಕಕ್ಕೊಂದು! ಹೊರಗೆ ಅಪರೂಪವಾಗಿ ಕಾಣುವುದು ಯಾಕೆ ಅಂದರೆ ತಿಳಿದವರು ಆ ಜೋಡಿ ಕೂಡಿಸುವುದೇ ಇಲ್ಲ.

ಬಣ್ಣಕ್ಕೂ ಕಿವಿಗೂ ಏನು ಸಂಬಂಧ ಅಂತೀರಾ? ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ಒಳಕಿವಿಯಲ್ಲೂ ಇವೆ. ಅಲ್ಲಿ ಅವುಗಳ ಕೆಲಸ ಬೇರೆ, ಒಳಕಿವಿಯ ದ್ರವದಲ್ಲಿ ಪೊಟ್ಯಾಸಿಯಂ ಸರಿಯಾಗಿ ಇರುವಂತೆ ನೋಡಿಕೊಳ್ಳುವುದು. ಅವು ಇಲ್ಲದಿದ್ದರೆ ಸದ್ದು ಹಿಡಿಯುವ ಕೋಶಗಳು ಹುಟ್ಟಿದ ಕೆಲವೇ ವಾರಗಳಲ್ಲಿ ಸಾಯುತ್ತವೆ. ಮರಿಯ ಕಿವಿ ತೆರೆಯುವುದೇ ಸುಮಾರು ಎರಡು ವಾರಕ್ಕೆ. ಸದ್ದು ಅಂದರೇನು ಅಂತ ತಿಳಿಯುವಷ್ಟರಲ್ಲಿ ಮುಗಿದುಹೋಗಿರುತ್ತದೆ.

ಮಾರಿದವರು 'ನಮಗೆ ಗೊತ್ತಿರಲಿಲ್ಲ' ಅನ್ನಬಹುದು. ಕೆಲವು ನಾಯಿಗಳಲ್ಲಿ ಮರ್ಲ್ ಅಡಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ, ನಿಜ. ಆದರೆ 2006ರಲ್ಲೇ ಈ ಜೀನನ್ನು ಗುರುತಿಸಿಯಾಗಿದೆ. ಕೆನ್ನೆಯ ಒಳಗೆ ಹತ್ತಿ ಕಡ್ಡಿ ಉಜ್ಜಿ ಕಳಿಸಿದರೆ ಲ್ಯಾಬ್ ಹೇಳುತ್ತದೆ. ನಾಯಿ ಕೂಡಿಸಿ ಹಣ ಮಾಡುವವರಿಗೆ ಒಂದು ಹತ್ತಿ ಕಡ್ಡಿ ಭಾರವಾ?

ಮರಿಯನ್ನು ಚೆನ್ನಾಗಿ ಸಾಕಬಹುದು, ಹೆದರಬೇಡಿ. ಕಚ್ಚಲು ಬರುವುದು ಗಾಬರಿಗೆ. ಮಲಗಿದ್ದಾಗ ಮುಟ್ಟಬೇಡಿ, ಮೂಗಿನ ಮುಂದೆ ಅಂಗೈ ಹಿಡಿಯಿರಿ. ವಾಸನೆಗೆ ತಾನೇ ಏಳುತ್ತದೆ. ಎದ್ದ ಕೂಡಲೇ ತಿನ್ನಲು ಏನಾದರೂ ಕೊಡಿ. ಎರಡು ಮೂರು ವಾರ ಹೀಗೆ ಮಾಡಿದರೆ, ಎಬ್ಬಿಸಿದರೆ ಒಳ್ಳೆಯದೇ ಆಗುತ್ತದೆ ಅಂತ ಅದಕ್ಕೆ ಅರ್ಥವಾಗುತ್ತದೆ. ಕೈಸನ್ನೆ ಬೇಗ ಕಲಿಯುತ್ತವೆ. ಬೇಲಿ ಇಲ್ಲದ ಜಾಗದಲ್ಲಿ ಮಾತ್ರ ಹಗ್ಗ ಬಿಡಲೇಬೇಡಿ. ಹಿಂದಿನಿಂದ ಬರುವ ಗಾಡಿ ಅದಕ್ಕೆ ಇಲ್ಲವೇ ಇಲ್ಲ.

ಪ್ರಶ್ನೆ: (ಅದೇ ಓದುಗರ ಎರಡನೇ ಪತ್ರ) ನೀವು ಹೇಳಿದ್ದು ಸರಿಯಾಯಿತು, ಎರಡೂ ಕಿವಿ ಕೇಳುವುದಿಲ್ಲವಂತೆ. ಬ್ರೀಡರ್‌ಗೆ ಫೋನ್ ಮಾಡಿದೆ. 'ವಾಪಸ್ ತನ್ನಿ, ಬೇರೆ ಮರಿ ಕೊಡುತ್ತೇವೆ' ಅಂತ ತಕ್ಷಣ ಒಪ್ಪಿದರು. ಕೊಡಬಹುದಾ?

ಉತ್ತರ: ಅಷ್ಟು ಬೇಗ ಒಪ್ಪಿದರಲ್ಲ, ನನಗೆ ಅನುಮಾನ ಅಲ್ಲೇ. ಡಬಲ್ ಮರ್ಲ್ ಹೆಣ್ಣನ್ನು ಮಾಮೂಲಿ ಬಣ್ಣದ ಗಂಡಿಗೆ ಕೂಡಿಸಿದರೆ ಹುಟ್ಟುವ ಅಷ್ಟೂ ಮರಿಗಳು ಮರ್ಲ್. ಮಾರುವವರಿಗೆ ಅದೊಂದು ಟಂಕಸಾಲೆ. ಕಿವುಡಾದರೇನು, ಕುರುಡಾದರೇನು, ಮರಿ ಹಾಕಲು ಕಿವಿ ಬೇಡವಲ್ಲ. ನಿಮಗೆ ಸಾಕುವ ಮನಸ್ಸಿದ್ದರೆ ಪರೀಕ್ಷೆಯ ವರದಿ ತೋರಿಸಿ ಹಣ ವಾಪಸ್ ಕೇಳಿ, ಮರಿಯನ್ನು ಇಟ್ಟುಕೊಳ್ಳಿ. ವಯಸ್ಸಿಗೆ ಬಂದಾಗ ಸಂತಾನಹರಣ ಮಾಡಿಸಿ. ಜಾಹೀರಾತಿನಲ್ಲಿ 'ರೇರ್ ವೈಟ್' ಅಂತ ಬರೆದಿದ್ದನ್ನು ಅಳಿಸುವ ಮೊದಲೇ ಸ್ಕ್ರೀನ್‌ಶಾಟ್ ತೆಗೆದಿಡಿ.

ಪ್ರಶ್ನೆ: ನಮ್ಮ 'ಬ್ಲೂ' ಡಾಬರ್‌ಮನ್‌ಗೆ ಒಂದೂವರೆ ವರ್ಷ. ಬೆನ್ನಿನ ಕೂದಲು ಉದುರಿ ತೆಳ್ಳಗಾಗಿದೆ, ಸಣ್ಣ ಗುಳ್ಳೆಗಳಿವೆ. ಮೂರು ಶಾಂಪೂ ಆಯಿತು. ಯಾವುದು ಒಳ್ಳೆಯದು?

ಉತ್ತರ: ಹುಬ್ಬಿನ ಮೇಲಿನ ಕಂದು ಚುಕ್ಕೆ, ಕಾಲಿನ ಕಂದು ಭಾಗ ನೋಡಿ. ಅಲ್ಲಿ ಕೂದಲು ದಟ್ಟವಾಗಿಯೇ ಇದ್ದು, ಬೂದು ಭಾಗ ಮಾತ್ರ ಬೋಳಾಗುತ್ತಿದ್ದರೆ ಶಾಂಪೂ ಬದಲಿಸುತ್ತಾ ಹೋಗುವುದು ಸುಮ್ನೆ ಖರ್ಚು. ಕಪ್ಪು ಬಣ್ಣವನ್ನು ತೆಳುಮಾಡಿ ಬೂದು ಮಾಡುವ ಜೀನ್ ಇದೆ. ಅದಿದ್ದರೆ ಬಣ್ಣ ಕೂದಲಿನಲ್ಲಿ ಸಮವಾಗಿ ಹರಡದೆ ಗಂಟು ಗಂಟಾಗಿ ನಿಲ್ಲುತ್ತದೆ. ಗಂಟು ದೊಡ್ಡದಾದ ಕಡೆ ಕೂದಲು ಮುರಿಯುತ್ತದೆ. ನಾಲ್ಕು ಕೂದಲು ಕಿತ್ತು ಮೈಕ್ರೋಸ್ಕೋಪ್ ಕೆಳಗಿಟ್ಟರೆ, ದಾರದಲ್ಲಿ ಪೋಣಿಸಿದ ಕರಿಮಣಿಯ ಹಾಗೆ ಕಾಣುತ್ತದೆ. ಹೋದ ಕೂದಲನ್ನು ಪೂರ್ತಿ ವಾಪಸ್ ತರುವ ಔಷಧಿ ಇಲ್ಲ. ಗುಳ್ಳೆ ಸೋಂಕಾಗದ ಹಾಗೆ ನೋಡಿಕೊಳ್ಳಬೇಕು, ಬಿಸಿಲಿನಿಂದ ಕಾಪಾಡಬೇಕು. ಮೊದಲು ಹುಳ, ಫಂಗಸ್, ಥೈರಾಯ್ಡ್ ಅಲ್ಲ ಅಂತ ಖಚಿತ ಮಾಡಿಕೊಳ್ಳಿ.

ಬೂದು ನಾಯಿಗಳೆಲ್ಲ ಬೋಳಾಗುತ್ತವೆ ಅಂತ ಅಲ್ಲ. ವೈಮರಾನರ್ ತಳಿಯ ಬಣ್ಣವೇ ಅದು, ಅವುಗಳಿಗೆ ಸಾಮಾನ್ಯವಾಗಿ ಈ ಕಾಟ ಇಲ್ಲ. ಡಾಬರ್‌ಮನ್‌ನಲ್ಲಿ ಜಾಸ್ತಿ. ಕೊಳ್ಳುವಾಗ ಇದನ್ನು ಹೇಳಬೇಕಿತ್ತು. 'ಬ್ಲೂ' ಅಂತ ಹೆಸರಿಟ್ಟು ಬೆಲೆ ಏರಿಸಿದರು, ಅಷ್ಟೇ.

ಪ್ರಶ್ನೆ: ಮರಿಯ ಜೊತೆ ಪೇಪರ್ಸ್, ಡಾಕ್ಟರ್ ಚೆಕಪ್ ಕಾರ್ಡ್ ಎರಡೂ ಕೊಡುತ್ತಾರಂತೆ. ಸಾಕಲ್ವಾ?

ಉತ್ತರ: ಸಾಲದು. ಪೇಪರ್ಸ್ ಅಂದರೆ ಅಪ್ಪ ಅಮ್ಮ ಯಾರು ಅನ್ನುವ ದಾಖಲೆ. ಆರೋಗ್ಯದ್ದಲ್ಲ. ಚೆಕಪ್‌ನಲ್ಲಿ ನಾವು ಎದೆ ಬಡಿತ, ಜ್ವರ, ಹೊಕ್ಕುಳು, ಹುಳ ನೋಡುತ್ತೇವೆ. ಮುಂದಿನ ವರ್ಷ ಏನಾಗುತ್ತದೆ ಅಂತ ಸ್ಟೆತಸ್ಕೋಪ್ ಹೇಳುವುದಿಲ್ಲ. ಅಪ್ಪ ಅಮ್ಮನ ಜೀನ್ ಪರೀಕ್ಷೆಯ ವರದಿ ಕೇಳಿ. ದೊಡ್ಡ ತಳಿಯಾದರೆ ಸೊಂಟದ ಎಕ್ಸ್‌ರೇ ಕೂಡ. ಮುಖ್ಯವಾಗಿ ತಾಯಿಯನ್ನು ನೋಡಬೇಕು ಅನ್ನಿ. 'ಅದು ಬೇರೆ ಊರಲ್ಲಿದೆ' ಅಂದರೆ ಎದ್ದು ಬನ್ನಿ.

ಪ್ರಶ್ನೆ: 'ಮಿನಿ ಜರ್ಮನ್ ಶೆಫರ್ಡ್, ಕೊನೆತನಕ ಮರಿಯ ಹಾಗೇ ಇರುತ್ತೆ' ಅಂತ ಒಂದು ಜಾಹೀರಾತು ನೋಡಿದೆ. ನಮ್ಮದು ಚಿಕ್ಕ ಮನೆ, ಅನುಕೂಲ ಅನಿಸಿತು.

ಉತ್ತರ: ನಾನು ಪ್ರಾಕ್ಟೀಸ್ ಶುರುಮಾಡಿದ ವರ್ಷ ಇಂಥ ಒಂದು ಮರಿ ಬಂದಿತ್ತು. ನಾಲ್ಕು ತಿಂಗಳಾದರೂ ಎರಡು ತಿಂಗಳಷ್ಟೇ ಗಾತ್ರ. ಮೈಮೇಲೆ ಹತ್ತಿಯಂಥ ಎಳೆ ಕೂದಲು. ಮೇಜಿನ ಮೇಲೆ ಕೂತು ನನ್ನ ಪೆನ್ನು ಕಚ್ಚುತ್ತಿತ್ತು. 'ಎಷ್ಟು ಮುದ್ದಾಗಿದೆ, ಬೆಳೆಯುತ್ತೆ ಬಿಡಿ' ಅಂದು ಲಸಿಕೆ ಹಾಕಿ ಕಳಿಸಿದೆ. ವರ್ಷ ತುಂಬುವಾಗ ಮತ್ತೆ ಕರೆತಂದರು. ಮುಖ, ಪಾದ ಬಿಟ್ಟು ಮೈಯೆಲ್ಲ ಬೋಳು, ಚರ್ಮ ಕಪ್ಪಾಗಿತ್ತು. ದನಿ ಇನ್ನೂ ಮರಿಯದೇ.

ಅದು ಪಿಟ್ಯುಟರಿ ಗ್ರಂಥಿಯ ಕುಬ್ಜತೆ. ಬೆಳವಣಿಗೆಯ ಹಾರ್ಮೋನು ಬರುವುದಿಲ್ಲ, ಥೈರಾಯ್ಡ್ ಕೂಡ ಕೈಕೊಡುತ್ತದೆ. ಚಿಕಿತ್ಸೆ ಇಲ್ಲದೆ ಹೆಚ್ಚಿನವು ನಾಲ್ಕೈದು ವರ್ಷ ದಾಟುವುದಿಲ್ಲ. ಅಪ್ಪ ಅಮ್ಮ ಇಬ್ಬರೂ ನೋಡಲು ಗಟ್ಟಿಮುಟ್ಟಾಗಿರುತ್ತಾರೆ, ಇಬ್ಬರಲ್ಲೂ ಒಂದೊಂದು ಕೆಟ್ಟ ಜೀನ್ ಅಡಗಿರುತ್ತದೆ. ಇದಕ್ಕೂ ಪರೀಕ್ಷೆ ಇದೆ. ಬೇರೆ ತಳಿ ಬೆರೆಸಿಯೂ 'ಮಿನಿ' ಅಂತ ಮಾರುವುದುಂಟು, ಅದು ಬೇರೆ ಮಾತು. ಆದರೆ ಆ ಜಾಹೀರಾತಿನ 'ಕೊನೆತನಕ' ಅನ್ನುವ ಪದ ಓದಿ ನನಗೆ ಆ ಪೆನ್ನು ನೆನಪಾಯಿತು. ಚಿಕ್ಕ ಮನೆಗೆ ಚಿಕ್ಕ ತಳಿ ಬೇಕಾದಷ್ಟಿವೆ. ಬೇಡವಾಗಿ ಬಿಟ್ಟ ನಾಯಿಗಳನ್ನು ಸಾಕುವ ಕಡೆಯೂ ಒಮ್ಮೆ ಹೋಗಿ ನೋಡಿ.

ಪ್ರಶ್ನೆ: ನಾನು ನಾಲ್ಕನೇ ಕ್ಲಾಸು. ಮೊದಲನೇ ಪ್ರಶ್ನೆ ಕೇಳಿದ್ದು ನಮ್ಮಮ್ಮ. ಕಿವಿ ಕೇಳದ ನಾಯಿಗೆ ಹೆಸರು ಯಾಕೆ ಅಂತ ಅಣ್ಣ ಅಂತಾನೆ. ಇಡಬೇಕಾ ಡಾಕ್ಟರ್ ಆಂಟಿ?

ಉತ್ತರ: ಇಡಬೇಕು ಪುಟ್ಟಾ. ನೀವು ಮನೆಯವರು ಮಾತಾಡಿಕೊಳ್ಳಲು ಒಂದು, ಅದಕ್ಕೆ ಕೈಯಲ್ಲಿ ತೋರಿಸಲು ಇನ್ನೊಂದು. ಕೈಯದು ಸುಲಭವಾಗಿರಲಿ, ದೂರದಿಂದ ಕಾಣಲಿ, ಮನೆಯವರೆಲ್ಲ ಒಂದೇ ಥರ ಮಾಡಲಿ. ಅಣ್ಣನಿಗೂ ಕಲಿಸು. ಯಾವ ಸನ್ನೆ ಇಟ್ಟೆ ಅಂತ ಚಿತ್ರ ಬರೆದು ಕಳಿಸು.