ಪಿಎಚ್‌ಡಿ ಸಿಗಲಿಲ್ಲ ಅಂತ ಬಂದ ಹುಡುಗಿ

ಪಿಎಚ್‌ಡಿ ಸಿಗಲಿಲ್ಲ ಅಂತ ನನ್ನ ಹತ್ತಿರ ಸಲಹೆ ಕೇಳಲು ಬರುವವರಲ್ಲಿ ಇವಳು ಮೊದಲನೆಯವಳಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ, ಅವಳ ಒಪ್ಪಿಗೆಯೂ ಇದೆ.

ಶಿರಸಿ ಹತ್ತಿರದ ಹಳ್ಳಿ, ಅಡಿಕೆ ತೋಟದ ಮನೆ, ವಯಸ್ಸು 26. ಸೈಕಾಲಜಿ ಎಂ.ಎಸ್ಸಿ.ಯಲ್ಲಿ ಒಳ್ಳೆ ಅಂಕ. ಕಾಲೇಜಿನಲ್ಲಿ ಪಾಠ ಮಾಡಲು, ಪಿಎಚ್‌ಡಿ ಸೇರಲು ಬರೆಯುವ ರಾಷ್ಟ್ರಮಟ್ಟದ ಪರೀಕ್ಷೆ ನೆಟ್ ಬರೆದಳು, ಜೆಆರ್‌ಎಫ್ (ಸಂಶೋಧನೆಗೆ ಸಿಗುವ ಫೆಲೋಶಿಪ್) ಬರಲಿಲ್ಲ, ಪಿಎಚ್‌ಡಿ ಪ್ರವೇಶಕ್ಕೆ ಮಾತ್ರ ಅರ್ಹತೆ ಸಿಕ್ಕಿತು. ಮೂರು ಕಡೆ ಇಂಟರ್ವ್ಯೂ, ಮೂರೂ ಕಡೆ ಆಗಲಿಲ್ಲ. ಮನೆಯಲ್ಲಿ ಮದುವೆ ಮಾತು ಶುರುವಾಗಿತ್ತು.

ಮೊದಲ ಎರಡು ಸಲ ಬಂದಾಗ ಅವಳು ಹೇಳಿದ್ದು ಒಂದೇ, "ನನಗೆ ಯೋಗ್ಯತೆ ಇಲ್ಲ ಮೇಡಂ." ನಾನು ಒಪ್ಪಲಿಲ್ಲ, ಅದು ಸುಮ್ನೆ ಸಮಾಧಾನಕ್ಕಲ್ಲ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2022ರ ನಿಯಮದ ಪ್ರಕಾರ ಒಬ್ಬ ಪ್ರೊಫೆಸರ್ ಒಮ್ಮೆಗೆ 8, ಅಸೋಸಿಯೇಟ್ 6, ಅಸಿಸ್ಟೆಂಟ್ 4 ಜನರಿಗಷ್ಟೇ ಗೈಡ್ ಆಗಬಹುದು. ಹಳಬರು ಥೀಸಿಸ್ ಮುಗಿಸಿ ಹೊರಬೀಳದೆ ಹೊಸಬರಿಗೆ ಜಾಗ ಇಲ್ಲ. ಅದರ ಮೇಲೆ ನಿಮ್ಮ ವಿಷಯ ಗೈಡಿನ ವಿಷಯಕ್ಕೆ ಕೂಡಿಬರಬೇಕು. ಇದೆಲ್ಲ ಅವಳ ಯೋಗ್ಯತೆಯ ಲೆಕ್ಕ ಅಲ್ವಲ್ಲ?

ಮೂರನೇ ಸಲ ಬಂದಾಗ ಕೇಳಿದೆ, "ಪಿಎಚ್‌ಡಿ ಸಿಕ್ಕಿತು, ಮುಗಿದೂ ಹೋಯಿತು ಅಂತ ಇಟ್ಟುಕೋ. ಮರುದಿನ ಬೆಳಿಗ್ಗೆ ಎದ್ದು ಏನು ಮಾಡ್ತೀಯಾ?"

"ನಮ್ಮ ದೊಡ್ಡಮ್ಮನಂಥವರ ಹತ್ತಿರ ಕೂತು ಮಾತಾಡಿಸ್ತೇನೆ."

ಆ ದೊಡ್ಡಮ್ಮನ ಇಬ್ಬರು ಮಕ್ಕಳೂ ಬೆಂಗಳೂರಿನಲ್ಲಿ. ಅಷ್ಟು ದೊಡ್ಡ ಮನೆಯಲ್ಲಿ ಒಬ್ಬರೇ. ಮಳೆಗಾಲದ ರಾತ್ರಿ ಕರೆಂಟು ಹೋದರೆ ಬೆಳಗಾಗುವ ತನಕ ಜಗಲಿಯಲ್ಲಿ ಕೂತಿರುತ್ತಾರಂತೆ, ನಿದ್ದೆ ಮಾತ್ರೆ ಬರೆದುಕೊಟ್ಟವರಿದ್ದಾರೆ, ಯಾಕೆ ನಿದ್ದೆ ಬರುತ್ತಿಲ್ಲ ಅಂತ ಕೇಳಿದವರಿಲ್ಲ. ಇದನ್ನೇ ಹತ್ತು ನಿಮಿಷ ಹೇಳಿದಳು. ಅಷ್ಟರಲ್ಲಿ ಸಂಶೋಧನೆ ಅನ್ನುವ ಮಾತು ಒಂದು ಸಲವೂ ಬರಲಿಲ್ಲ. ಅದನ್ನು ನಾನು ಹೇಳಿಯೂಬಿಟ್ಟೆ.

ಅವಳ ಮುಖ ಕೆಂಪಾಯಿತು. "ನೀವೂ ನನ್ನಿಂದ ಆಗಲ್ಲ ಅಂತೀರಾ?" ಅಂತ ಚೀಲ ತೆಗೆದುಕೊಂಡು ಬಾಗಿಲ ತನಕ ಹೋದಳು. ನನಗೆ ಸಂಕಟವಾಯಿತು. ಆದರೂ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ, ಈಗಲೂ ತೆಗೆದುಕೊಳ್ಳುವುದಿಲ್ಲ.

ಯಾಕೆಂದರೆ ಸೈಕಾಲಜಿಯಲ್ಲಿ ಪಿಎಚ್‌ಡಿ ಮಾಡಿದವರು ಸಂಶೋಧಕರಾಗುತ್ತಾರೆ, ಪಾಠ ಮಾಡುತ್ತಾರೆ. ರೋಗಿಗಳ ಹತ್ತಿರ ಕೂತು ಚಿಕಿತ್ಸೆ ಕೊಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡಲು ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಬೇಕು, ಅದು ಬರುವುದು ಆರ್‌ಸಿಐ ಒಪ್ಪಿದ, ರೋಗಿಗಳ ಜೊತೆ ಕೆಲಸ ಮಾಡಿಸುವ ತರಬೇತಿಯಿಂದ. ಬರೀ ಪಿಎಚ್‌ಡಿಯಿಂದ ಬರುವುದಿಲ್ಲ. ಐದು ವರ್ಷ ಕಳೆದ ಮೇಲೆ ಇದು ಗೊತ್ತಾಗಿ ಅತ್ತವರನ್ನು ನೋಡಿದ್ದೇನೆ. ಹುಡುಗಿಯ ಉತ್ಸಾಹ ಮುರಿದೆ ಅನ್ನುವವರು ಅನ್ನಲಿ. ಇಂಥ ಮನೆಗಳ ಎಷ್ಟು ಹಿರಿಯರಿಗೆ ನಿದ್ದೆ ಬರುತ್ತಿಲ್ಲ, ಯಾಕೆ, ಹುಡುಕಬೇಕು ಅಂತ ಅವಳು ಹೇಳಿದ್ದರೆ ನಾಲ್ಕನೇ ಸಲವೂ ಅರ್ಜಿ ಹಾಕು ಅಂತ ನಾನೇ ಬೆನ್ನು ಹತ್ತುತ್ತಿದ್ದೆ. (ಜೆಆರ್‌ಎಫ್ ಇಲ್ಲದವರ ನೆಟ್ ಅಂಕ ಪಿಎಚ್‌ಡಿ ಪ್ರವೇಶಕ್ಕೆ ಒಂದೇ ವರ್ಷ ನಡೆಯುತ್ತದೆ, ಆಮೇಲೆ ಮತ್ತೆ ಬರೆಯಬೇಕು. ಇದು ನೆನಪಿರಲಿ.)

ವಾರ ಬಿಟ್ಟು ಅವಳೇ ಬಂದಳು. ಆಗ ಹೇಳಿದೆ. ಇಂಟರ್ವ್ಯೂ ಮಾಡಿದವರಿಗೆ ಎರಡು ಸಾಲು ಬರೆದು ಕೇಳು, ಜಾಗ ಇರಲಿಲ್ಲವಾ, ವಿಷಯ ಹೊಂದಲಿಲ್ಲವಾ, ಸಿನಾಪ್ಸಿಸ್ (ಏನು ಸಂಶೋಧನೆ ಮಾಡುತ್ತೇನೆ ಅನ್ನುವ ಬರಹ) ಸರಿಯಿರಲಿಲ್ಲವಾ. ವಾದ ಬೇಡ. ಮುಂದಿನ ಅರ್ಜಿ ತುಂಬುವ ಮೊದಲು ಆರು ತಿಂಗಳು ಜನರ ಜೊತೆ ಕೂರುವ ಕೆಲಸ ಮಾಡು, ಸಂಬಳ ಸ್ವಲ್ಪವಾದರೂ ಇರಲಿ, ಮನೆಯವರ ಬಾಯಿಗೂ ಬೀಗ ಬೀಳುತ್ತದೆ. ಕ್ಲಿನಿಕಲ್ ತರಬೇತಿಗೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್, ಈ ಎರಡು ಮಾನಸಿಕ ಆರೋಗ್ಯ ಸಂಸ್ಥೆಗಳ ಬಗ್ಗೆಯೂ ವಿಚಾರಿಸು. ಕ್ಲಿನಿಕಲ್ ಕೋರ್ಸುಗಳ ಹೆಸರು, ನಿಯಮ ಈಚೆಗೆ ಬದಲಾಗುತ್ತಿವೆ, ಹಾಗಾಗಿ ಎಲ್ಲೇ ಆಗಲಿ ಫೀಸು ಕಟ್ಟುವ ಮೊದಲು ಆರ್‌ಸಿಐ ಪಟ್ಟಿಯಲ್ಲಿ ಆ ಕೋರ್ಸು ಇದೆಯಾ ನೋಡು.

ಮೂವರಲ್ಲಿ ಒಬ್ಬರು ಉತ್ತರ ಬರೆದರು. ಆ ವರ್ಷ ತಮ್ಮ ಹತ್ತಿರ ಸೀಟೇ ಖಾಲಿ ಇರಲಿಲ್ಲ ಅಂತ. ಅದನ್ನು ರಾತ್ರಿ ಹನ್ನೊಂದಕ್ಕೆ ನನಗೆ ಕಳಿಸಿ ಕೆಳಗೆ ಬರೆದಿದ್ದಳು, "ಹಾಗಾದ್ರೆ ನನ್ನ ಸಿನಾಪ್ಸಿಸ್ ಕೆಟ್ಟದಿರಲಿಲ್ಲ, ಅಲ್ವಾ ಮೇಡಂ?"

ಈಗ ವಾರಕ್ಕೆ ಮೂರು ದಿನ ಒಂದು ವೃದ್ಧಾಶ್ರಮಕ್ಕೆ ಹೋಗುತ್ತಾಳೆ. ಯಾವ ಅರ್ಜಿ ತುಂಬುವುದು ಅಂತ ಇನ್ನೂ ಹೇಳಿಲ್ಲ, ನಾನೂ ಕೇಳಿಲ್ಲ.